ಸಿಹಿ ಬರುವ ತನಕ

ಮಿಸ್ ಊಟ ಮಾಡುವಾಗ ಅವರ ಎಡಗಿವಿಯ ಕೆಳಗಿದ್ದ ಕಡಲೆಕಾಳಿನಷ್ಟು ದಪ್ಪದ ಮಚ್ಚೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ತಲೆಯ ಮೇಲೆ ಸೆರಗು ಎಷ್ಟು ಎಳೆದುಕೊಂಡರೂ ಅದೊಂದು ಹೊರಗೆ ಇಣುಕುತ್ತಿತ್ತು. ಭದ್ರಾವತಿಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನ ಕಿಟಕಿಗೆ ಮೂಗು ಒತ್ತಿಕೊಂಡು ನಾವು ಹುಡುಗರು ಅದನ್ನೇ ನೋಡುತ್ತಿದ್ದೆವು. ಉಳಿದ ಮೇಷ್ಟ್ರುಗಳು ಡಬ್ಬಿ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ರಾಜಕೀಯದ ಜಗಳಕ್ಕೆ ಕೂತಿರುತ್ತಿದ್ದರು. ಮಿಸ್ ಇನ್ನೂ ಅರ್ಧ ಚಪಾತಿಯಲ್ಲಿರುತ್ತಿದ್ದರು.

ಅವರು ನಮಗೆ ವಿಜ್ಞಾನ ಹೇಳಿಕೊಟ್ಟವರು. ಜೀರ್ಣಕ್ರಿಯೆಯ ಪಾಠ ಬಂದಾಗ ಆ ಮಚ್ಚೆಯ ಮೇಲೇ ಬೆರಳಿಟ್ಟು, "ಜೊಲ್ಲಿನ ದೊಡ್ಡ ಗ್ರಂಥಿ ಇಲ್ಲೇ ಇರೋದು. ನಿಮಗೆ ಹುಡುಕೋ ಕಷ್ಟ ಬೇಡ ಅಂತ ದೇವರು ನನಗೆ ಗುರುತು ಹಾಕಿ ಕಳಿಸಿದಾನೆ" ಎಂದರು.

ನಾನು ಕಾರ್ಖಾನೆಯ ಕ್ವಾರ್ಟರ್ಸ್‌ನ ಹುಡುಗ. ನಮ್ಮ ಮನೆಯಲ್ಲಿ ಊಟವೆಂದರೆ ಸೈರನ್ ಜತೆ ಓಟ. ಶಿಫ್ಟಿಗೆ ಹೊರಡುವ ಅಪ್ಪ ಮುದ್ದೆ ನುಂಗಿದ ಹಾಗೆಯೇ ಅನ್ನವನ್ನೂ ನುಂಗುತ್ತಿದ್ದರು. ಅವರನ್ನು ನೋಡಿ ನಾನೂ. ಅಗಿದು ತಿನ್ನುವಷ್ಟು ಬಿಡುವು ಆಫೀಸರುಗಳಿಗೆ ಮಾತ್ರ ಇರುತ್ತದೆ ಎಂದು ಬಹಳ ಕಾಲ ನಂಬಿದ್ದೆ.

ಆ ವರ್ಷ ಪಾಠ ರಂಜಾನ್ ತಿಂಗಳಲ್ಲೇ ಬಂತು. ಮಿಸ್ ಉಪವಾಸ. ಆದರೂ ಉಪ್ಪು ಹಾಕದ ಅನ್ನ ಒಂದು ಡಬ್ಬಿ ತಂದು ಎಲ್ಲರ ಅಂಗೈಗೂ ಒಂದೊಂದು ತುತ್ತು ಹಾಕಿದರು.

"ಅಗೀರಿ, ನುಂಗಬೇಡಿ. ಅನ್ನದಲ್ಲಿರೋ ಪಿಷ್ಟ ಜೊಲ್ಲು ಸೇರಿ ಸಕ್ಕರೆ ಆಗ್ತಾ ಹೋಗುತ್ತೆ. ಸಿಹಿ ಬಂದೋರು ಕೈ ಎತ್ತಿ. ಇವತ್ತು ನಾನು ತಿನ್ನೋ ಹಾಗಿಲ್ಲ, ನೀವೇ ನನಗೆ ಹೇಳ್ಬೇಕು."

ಒಂದೊಂದೇ ಕೈ ಮೇಲೆ ಹೋಯಿತು. ನನ್ನ ತುತ್ತು ಆಗಲೇ ಹೊಟ್ಟೆ ಸೇರಿತ್ತು. ಇನ್ನೊಂದು ಕೊಟ್ಟರು, ಅದೂ ಹೋಯಿತು. ಬರಲಿಲ್ಲ ಮಿಸ್ ಎಂದೆ.

"ಬರುತ್ತೆ. ಬಸ್ ತಪ್ಪಿಹೋಗುತ್ತಾ ಮಾರಾಯ, ಯಾಕಿಷ್ಟು ಆತುರ?"

ಅನ್ನ ಹೀಗೆ ಅವಸರದಲ್ಲಿ ಇಳಿದರೆ ಏನಾದೀತು ಎಂಬುದನ್ನೂ ಅವತ್ತೇ ಹೇಳಿದರು. ಗಂಟಲಲ್ಲಿ ಎರಡು ದಾರಿ, ಗಾಳಿಗೊಂದು, ಅನ್ನಕ್ಕೊಂದು. ನುಂಗುವಾಗ ಗಾಳಿಯ ದಾರಿಯನ್ನು ಪುಟ್ಟದೊಂದು ಮುಚ್ಚಳ ಮುಚ್ಚುತ್ತದೆ. ಅದಕ್ಕೆ ಅವರಿಟ್ಟ ಹೆಸರು ಗೇಟಿನ ವಾಚ್‌ಮನ್. ಕಾರ್ಖಾನೆ ಊರಿನ ಮಕ್ಕಳಿಗೆ ಥಟ್ಟನೆ ಹಿಡಿಯಿತು.

ಮಾರನೆಯ ದಿನ ಜಠರದ ಆಮ್ಲ. ಮಾಂಸವನ್ನೇ ಕರಗಿಸುವಷ್ಟು ತೀಕ್ಷ್ಣ ಎಂದರು. ಮಿಕ್ಕವರಿಗೆ ಅದು ಪರೀಕ್ಷೆಗೆ ಬರುವ ಪ್ರಶ್ನೆ, ನನಗೆ ಚಿಂತೆ. ಬೆಳಗಿನಿಂದ ಮಿಸ್ ಹೊಟ್ಟೆಯಲ್ಲಿ ಏನೂ ಇಲ್ಲ. ಕರಗಿಸಲು ಬೇರೇನೂ ಸಿಗದೆ ಆಮ್ಲ ಅವರನ್ನೇ ಹಿಡಿದರೆ? ಅಮ್ಮನನ್ನು ಕಾಡಿ ಮೊಸರನ್ನ ಕಲಸಿಸಿಕೊಂಡು, ಮಾರನೆಯ ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೆ. ಎರಡೇ ಚಮಚ ತಿನ್ನಿ ಮಿಸ್, ಇಲ್ಲದಿದ್ದರೆ ಆಸಿಡ್ ನಿಮ್ಮ ಹೊಟ್ಟೆಯನ್ನೇ ತಿಂದುಬಿಡುತ್ತದೆ ಎಂದು ಒಂದೇ ಉಸಿರಿಗೆ ಒದರಿದೆ. ಒಳಗಿದ್ದ ಮೇಷ್ಟ್ರುಗಳು ಗೊಳ್ಳೆಂದರು. ಮಿಸ್ ನಗಲಿಲ್ಲ. ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು ತಮ್ಮ ಚೀಲದೊಳಗೆ ಜೋಪಾನವಾಗಿ ಇಟ್ಟರು.

ಮರುದಿನ ಡಬ್ಬಿ ಖರ್ಜೂರ ತುಂಬಿಕೊಂಡು ವಾಪಸು ಬಂತು. ಸಂಜೆ ಉಪವಾಸ ಬಿಟ್ಟ ಮೇಲೆ ಮನೆಮಂದಿಯೆಲ್ಲ ನನ್ನ ಮೊಸರನ್ನ ಹಂಚಿಕೊಂಡರಂತೆ. ಆಮೇಲೆ ತರಗತಿಯಲ್ಲಿ, ಯಾರ ಅನುಮಾನವೆಂದು ಹೇಳದೆ, ಜಠರ ತನ್ನ ಗೋಡೆಗೆ ತಾನೇ ಲೋಳೆ ಬಳಿದುಕೊಂಡು ಆಮ್ಲದಿಂದ ಕಾಪಾಡಿಕೊಳ್ಳುವುದನ್ನು ವಿವರಿಸಿದರು. ನನ್ನನ್ನು ಮಾತ್ರ ಬಾಗಿಲ ಹತ್ತಿರ ನಿಲ್ಲಿಸಿಕೊಂಡು, "ನನ್ನ ಹೊಟ್ಟೆಗೇನೂ ಆಗಲ್ಲ ಮಾರಾಯ. ಇಷ್ಟು ಚಿಂತೆ ಮಾಡಿದ್ರೆ ನಿಂದು ಕೆಟ್ಟೀತು" ಎಂದರು.

ಕೆಟ್ಟಿತು. ಈಗ ನನ್ನ ಜೇಬಿಗೆ ಕೈ ಹಾಕಿದರೆ ಪೆನ್ನಿಗಿಂತ ಮುಂಚೆ ಆಸಿಡಿಟಿ ಮಾತ್ರೆ ಸಿಗುತ್ತದೆ. ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನ ಆಫೀಸಿನಲ್ಲಿದ್ದೇನೆ. ಊಟವಾದ ಮೇಲೆ ಎದೆ ಉರಿದಾಗಲೆಲ್ಲ ಇದು ಹೃದಯವೇ ಸೈ ಎಂದು ಶಿವಮೊಗ್ಗಕ್ಕೆ ಸ್ಕೂಟರ್ ಓಡಿಸುತ್ತೇನೆ. ಇಸಿಜಿ ತೆಗೆಯುವ ಹುಡುಗಿ "ಮತ್ತೆ ಬಂದ್ರಾ ಅಂಕಲ್" ಎನ್ನುತ್ತಾಳೆ. ಹೋದ ವರ್ಷದ ತನಕ ಅಲ್ಲಿಂದ ನೇರ ಅದೇ ಊರಿನ ರಾಗಿಗುಡ್ಡಕ್ಕೆ ಹೋಗುತ್ತಿದ್ದೆ. ನಿವೃತ್ತರಾದ ಮಿಸ್ ಅಲ್ಲಿ ಮಗಳ ಮನೆಯಲ್ಲಿದ್ದರು. ನಾನು ಹಿಡಿದುಕೊಂಡು ಹೋದ ರಿಪೋರ್ಟನ್ನು ಪಕ್ಕಕ್ಕಿಟ್ಟು, ಊಟಕ್ಕೆ ಎಷ್ಟು ಹೊತ್ತು ಕೂತಿದ್ದೆ ಎಂದು ಕೇಳುತ್ತಿದ್ದರು. ನಾನು ರಿಪೋರ್ಟನ್ನು ಮಡಚಿ ಜೇಬಿಗಿಟ್ಟುಕೊಳ್ಳುತ್ತಿದ್ದೆ.

ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಮುಖದ ಒಂದು ಬದಿ ಜೋತುಬಿತ್ತು, ಮಾತು ತೊದಲಾಯಿತು, ನುಂಗುವುದು ನಿಂತೇಹೋಯಿತು. ಮೂಗಿನಿಂದ ಜಠರಕ್ಕೆ ನಳಿಕೆ ಹಾಕಿದರು. ಮಗಳು ಗಂಜಿಯನ್ನೂ ಬೇಳೆಕಟ್ಟನ್ನೂ ಸೋಸಿ ಸಿರಿಂಜಿನಲ್ಲಿ ಇಳಿಬಿಡುತ್ತಿದ್ದಳು. ಜೀರ್ಣಕ್ರಿಯೆ ಬಾಯಲ್ಲೇ ಶುರು ಎಂದು ಅಷ್ಟು ವರ್ಷ ಹೇಳಿದವರಿಗೆ ಅನ್ನ ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಿತ್ತು. ಮಿಸ್ ಬೇರೇನೂ ಕೇಳಲಿಲ್ಲ. ಬಾಯಿಂದ ಒಂದು ತುತ್ತು ತಿನ್ನಬೇಕು ಎಂಬುದಷ್ಟೇ ಅವರ ಆಸೆ. ನೀರು ಸರ್ರನೆ ಜಾರಿ ತಪ್ಪು ದಾರಿ ಹಿಡಿಯುತ್ತದೆ, ಗಟ್ಟಿ ಮೊಸರಿನಿಂದ ಶುರು ಮಾಡಿ ನೋಡೋಣ ಎಂದು ಡಾಕ್ಟರು ಒಂದು ದಿನ ಗೊತ್ತು ಮಾಡಿದರು.

ಆ ಸಂಜೆ ಹೋದೆ. ಬಾಗಿಲಲ್ಲೇ ಮಗಳ ಮುಖ ನೋಡಿ ತಿಳಿಯಿತು. ಅರ್ಧ ಚಮಚಕ್ಕೇ ಕೆಮ್ಮು ಹತ್ತಿತಂತೆ. ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ ಎಂದು ನಿಲ್ಲಿಸಿದರಂತೆ. ಒಳಗೆ ಮಿಸ್ ದಿಂಬಿಗೆ ಒರಗಿ ಕೂತಿದ್ದರು. ಮಚ್ಚೆ ಅಲುಗದೆ ನಿಂತಿತ್ತು.

"ವಾಚ್‌ಮನ್... ಮಲಗಿಬಿಟ್ಟಿದಾನೆ," ಎಂದರು.

ಎದ್ದೇಳುತ್ತಾನೆ ಮಿಸ್ ಎಂದೆ. ನನ್ನ ದನಿಯನ್ನು ನಾನೇ ನಂಬಲಿಲ್ಲ. ಅವರು ಮಗಳತ್ತ ಕಣ್ಣು ಮಾಡಿದರು. ಅವಳು ಒಳಗೆ ಹೋಗಿ ತಟ್ಟೆ ತಂದಳು. ಬರೀ ಬಿಳಿ ಅನ್ನ.

"ತಗೊಳ್ಳಿ ಅಣ್ಣ. ನೀವು ಬಂದ್ರೆ ಉಪ್ಪಿಲ್ಲದ ಅನ್ನ ಕೊಡು ಅಂತ ಅಮ್ಮಿ ಮಧ್ಯಾಹ್ನದಿಂದ ಅದನ್ನೇ ಹೇಳ್ತಿದಾರೆ."

ನುಂಗಲಾಗದವರ ಎದುರು ಕೂತು ಹೇಗೆ ಉಣ್ಣುವುದು? ಆದರೆ ಮಿಸ್ ಹೇಳಿದ ಮೇಲೆ ಮುಗಿಯಿತು. ತುತ್ತು ಬಾಯಿಗಿಟ್ಟೆ. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಗಂಟಲು ನುಂಗಲು ಒಪ್ಪಲಿಲ್ಲ. ದುಃಖ ಅಲ್ಲಿ ಅಡ್ಡ ಕೂತಿತ್ತು. ಬೇರೆ ದಾರಿಯಿಲ್ಲದೆ ಅನ್ನವನ್ನು ಬಾಯಲ್ಲೇ ಹೊರಳಿಸುತ್ತ, ಅಗಿಯುತ್ತ, ಕಣ್ಣು ನೆಲಕ್ಕೆ ನೆಟ್ಟು ಕೂತೆ. ಹಿಂದೆ ನಾವು ಕಿಟಕಿಯಿಂದ ಅವರನ್ನು ನೋಡುತ್ತಿದ್ದ ಹಾಗೆ ಮಿಸ್ ನನ್ನ ದವಡೆಯನ್ನೇ ನೋಡುತ್ತಿದ್ದರು.

"ಬಂತಾ?"

ಬಂದಿತ್ತು. ನಾಲಿಗೆಯ ಅಂಚಿನಿಂದ ತೆಳ್ಳಗೆ, ನೀರು ಬೆರೆಸಿದ ಕಬ್ಬಿನ ಹಾಲಿನಂಥ ಸಿಹಿ. ಹೇಳೋಣವೆಂದರೆ ಬಾಯಿ ತುಂಬ ಅನ್ನ. ತಲೆ ನರೆತ ನಾನು ಅವರ ಮಂಚದ ಪಕ್ಕ ಕೂತು ಕೈ ಎತ್ತಿದೆ.

ಮಿಸ್ ಮುಖದ ನೆಟ್ಟಗಿದ್ದ ಬದಿ ನಕ್ಕಿತು. ಕಣ್ಣು ಮುಚ್ಚಿಕೊಂಡು, ತಮ್ಮ ಬಾಯಲ್ಲೂ ಒಂದು ತುತ್ತು ಇರುವ ಹಾಗೆ ದವಡೆಯನ್ನು ಮೆಲ್ಲಗೆ ಆಡಿಸಿದರು. ಮಚ್ಚೆ ಮೇಲೆ ಹೋಗಿ ಕೆಳಗಿಳಿಯಿತು.

ವಾಚ್‌ಮನ್ ಏಳಲೇ ಇಲ್ಲ. ರಂಜಾನಿನ ಚಂದ್ರ ಕಾಣುವ ಮುಂಚೆಯೇ ಮಿಸ್ ಹೋಗಿಬಿಟ್ಟರು. ನಾನು ಈಗಲೂ ಸೈರನ್ ಕೇಳಿಸಿದವನಂತೆಯೇ ಉಣ್ಣುತ್ತೇನೆ, ಮಾತ್ರೆಯೂ ಜೇಬಿನಲ್ಲೇ ಇದೆ. ಮೊದಲ ತುತ್ತನ್ನು ಮಾತ್ರ ಬರೀ ಅನ್ನವಾಗಿಯೇ ಬಾಯಲ್ಲಿಟ್ಟುಕೊಂಡು ಅಗಿಯುತ್ತ ಕೂರುತ್ತೇನೆ. ಹೆಂಡತಿ ಸೌಟು ಹಿಡಿದು ಕಾಯುತ್ತಾಳೆ. ಸಿಹಿ ಬಂದ ಮೇಲೆ ಕೈ ಎತ್ತುತ್ತೇನೆ, ಆಮೇಲೆ ಸಾರು.