ಟ್ಯೂಬಿದ್ದೂ ಟ್ಯೂಬ್‌ಲೆಸ್

ಅವರ ಬಲಗೈ ಹೆಬ್ಬೆರಳಿನ ತುದಿ ಸದಾ ಕಪ್ಪಗಿರುತ್ತಿತ್ತು. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗದ ಕಪ್ಪು. ನಿಂತ ಯಾವ ಗಾಡಿಯನ್ನು ಕಂಡರೂ ಬಗ್ಗಿ ಅದರ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ಅವರ ಚಟ. ಸ್ಕೂಟರು, ಆಟೋ, ಐಸ್‌ಕ್ರೀಮಿನ ಕೈಗಾಡಿ, ಯಾವುದನ್ನೂ ಬಿಟ್ಟವರಲ್ಲ. ಒಮ್ಮೆ ಸಿಗ್ನಲ್ಲಿನಲ್ಲಿ ನಿಂತಿದ್ದ ಪೊಲೀಸ್ ಜೀಪಿನ ಟೈರು ಒತ್ತಿ, ಒಳಗಿದ್ದವನಿಗೆ "ಹವಾ ಕಮ್ ಹೈ" ಎಂದು ಹೇಳಿ ಬಂದಿದ್ದರು. ಅವನು ಎದ್ದು ಸಲಾಮು ಹೊಡೆದ. ಯಾವುದೋ ಇಲಾಖೆಯಿಂದ ತಪಾಸಣೆಗೆ ಬಂದವರ ಹಾಗಿತ್ತು ಅವರ ಮುಖ.

ನಾವು ಅವರನ್ನು ಎದುರುಮನೆ ಸರ್ ಎನ್ನುತ್ತಿದ್ದೆವು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಒಂದು ಸೊಸೈಟಿಯಲ್ಲಿ ನಮ್ಮದೂ ಅವರದೂ ಎದುರುಬದುರು ಫ್ಲ್ಯಾಟು. ಚಿತ್ರದುರ್ಗದ ಕಡೆಯವರು. ಉಪಗ್ರಹಗಳಿಗೆ ಉಪಕರಣ ಮಾಡುವ ಸಂಸ್ಥೆಯಲ್ಲಿ ಅವರು ಹಿರಿಯ ಎಂಜಿನಿಯರು, ನಾನು ಅಲ್ಲೇ ಕಿರಿಯ. ಅಲ್ಲಿ ಒಂದು ಸ್ಕ್ರೂ ಬದಲಿಸಬೇಕಾದರೂ ರಿವ್ಯೂ ಎಂಬ ಸಭೆ ಸೇರಬೇಕು. ಒಬ್ಬ ಪರವಾಗಿ, ಒಬ್ಬ ವಿರುದ್ಧವಾಗಿ ವಾದಿಸಬೇಕು. ಆಕಾಶಕ್ಕೆ ಹೋದದ್ದನ್ನು ರಿಪೇರಿ ಮಾಡಲು ಯಾರೂ ಹೋಗಲಾರರು, ಹಾಗಾಗಿ ಅದು ಸರಿಯೇ. ಆದರೆ ಇವರು ಆ ಪದ್ಧತಿಯನ್ನು ಮನೆಗೂ ತಂದಿದ್ದರು. ಕುಕ್ಕರಿಗೂ ರಿವ್ಯೂ, ಕಿಟಕಿಯ ಪರದೆಗೂ ರಿವ್ಯೂ. ಕೊನೆಯಲ್ಲಿ ಅವರ ತೀರ್ಪು ಯಾವಾಗಲೂ ಒಂದೇ: "ಇನ್ನೂ ಸ್ವಲ್ಪ ಡೇಟಾ ಬೇಕು ಕಣ್ರೀ." ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುತ್ತಿದ್ದವರು, ಪರದೆಯಿಲ್ಲದ ಕಿಟಕಿಗೆ ಹಳೇ ಸೀರೆ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದರು.

ಈ ಚಾಳಿಗೆ ಅವರು ತೆತ್ತ ಬೆಲೆ ಮಾತ್ರ ದೊಡ್ಡದು. ಒಬ್ಬಳೇ ಮಗಳು ತನ್ನ ಜೊತೆ ಓದಿದ ವಡೋದರದ ಗುಜರಾತಿ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗಲೂ ಸರ್ ರಿವ್ಯೂ ಕೂಡಿಸಿದರು. ಹುಡುಗ ಬಂದು ಕೂತ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ಹೋದ. ಮತ್ತೆ ಕರೆದರು, ಮತ್ತೆ ಬಂದ. ವರ್ಷವಿಡೀ ಹೀಗೇ ನಡೆಯಿತು. ಕೊನೆಗೆ ಹುಡುಗಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ, ಫೋನಿನಲ್ಲಿ "ಅಪ್ಪ, ನಂದು ಮದುವೆ ಆಯ್ತು. ನೀವು ರಿವ್ಯೂ ಕಂಟಿನ್ಯೂ ಮಾಡಿ" ಎಂದಳಂತೆ. ಅಲ್ಲಿಂದ ತಂದೆ ಮಗಳ ಮಾತು ನಿಂತಿತು. ಅಕ್ಕ ಆಗಾಗ ರೈಲು ಹತ್ತಿ ವಡೋದರಕ್ಕೆ ಹೋಗಿ ಬರುತ್ತಿದ್ದರು. ಇವರು ಸ್ಟೇಷನ್ನಿನವರೆಗೆ ಬಿಟ್ಟು ಬರುತ್ತಿದ್ದರು, ಅಷ್ಟೇ. "ನಾನು ಬೇಡ ಅಂದಿಲ್ವಲ್ರೀ. ಡೇಟಾ ಕೇಳ್ದೆ" ಎಂದು ನನ್ನ ಹತ್ತಿರ ಒಂದು ಸಲ ಹೇಳಿದರು. ಹೇಳುವಾಗ ನನ್ನ ಸ್ಕೂಟರಿನ ಟೈರನ್ನು ಸುಮ್ಮಸುಮ್ಮನೆ ಒತ್ತುತ್ತಿದ್ದರು. ಪಾಪ ಅನಿಸಿತು.

ಆ ಹೊತ್ತಿಗೆ ಮಗಳ ಸೀಮಂತದ ಸುದ್ದಿ ಬಂತು. ಎಲ್ಲಿ, ವಡೋದರದಲ್ಲಿ, ಅವಳ ಅತ್ತೆಯ ಮನೆಯಲ್ಲಿ. ಅಕ್ಕ ನೇರವಾಗಿ ಕೇಳಿದರು, ಬರ್ತೀರೋ ಇಲ್ವೋ ಅಂತ. ಸರ್ ಪೇಪರಿನಿಂದ ತಲೆ ಎತ್ತದೆ, ತಾವು ದಿನಾ ತುಳಿಯುತ್ತಿದ್ದ ಗೇರಿನ ಸೈಕಲ್ಲಿನ ಮಾತೆತ್ತಿ, "ಮೌಂಟನ್ ಬೈಕಿಗೆ ಹೊಸ ಟೈರು ಹಾಕಿ ಲಾಂಗ್ ಟೆಸ್ಟ್ ಮಾಡ್ಬೇಕು ಅಂತಿದ್ದೆ. ಹೈವೇ ಮೇಲೆ ವಡೋದರದ ಕಡೆ ಹೋದ್ರೆ, ಹಾಗೇ ಬಂದು ಹೋಗಬಹುದು" ಎಂದರು. ಅಂದರೆ ಮಗಳನ್ನು ನೋಡಲು ಹೋಗುವುದಲ್ಲ, ಟೈರು ಪರೀಕ್ಷೆಗೆ ಹೋಗುವುದು, ದಾರಿಯಲ್ಲಿ ಮಗಳ ಮನೆ ಸಿಗುವುದು. ಮನುಷ್ಯನ ಬಿಗುಮಾನಕ್ಕೆ ಏನೇನು ವೇಷ ಬೇಕು ನೋಡಿ. ಅಕ್ಕ ಒಳಗೆ ಹೋಗಿ ಒಬ್ಬಟ್ಟಿಗೆ ಬೇಳೆ ಎಷ್ಟಿದೆ ಎಂದು ಡಬ್ಬ ತೆಗೆದು ನೋಡಿದರು.

ಆದರೆ ಹೊರಡುವುದಕ್ಕೆ ಟೈರು ನಿಶ್ಚಯವಾಗಬೇಕಲ್ಲ. ಅಹಮದಾಬಾದಿನ ರಸ್ತೆಯಂಚಿನಲ್ಲೆಲ್ಲ ಗಾಂಡೋ ಬಾವಳ್, ಅಂದರೆ ನಮ್ಮ ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ಸರ್ ಬೈಕು ವಾರವಾರವೂ ಪಂಕ್ಚರ್. "ಊರಲ್ಲಿ ಕಾಲಿಗೆ ಚುಚ್ತಿತ್ತು, ಇಲ್ಲಿ ಟ್ಯೂಬಿಗೆ ಚುಚ್ತದೆ" ಎಂದು ಅವರು ಗೊಣಗುತ್ತಿದ್ದರು. ಫ್ರಾನ್ಸಿಗೆ ಹೋಗಿದ್ದ ಸಹೋದ್ಯೋಗಿಯೊಬ್ಬರು ಇವರಿಗಾಗಿ ಒಂದು ಜೊತೆ ಟ್ಯೂಬ್‌ಲೆಸ್ ಟೈರು, ಅದಕ್ಕೊಪ್ಪುವ ರಿಮ್ಮು, ಒಳಗೆ ಸುರಿಯುವ ಹಾಲಿನಂಥ ದ್ರವ ತಂದುಕೊಟ್ಟಿದ್ದರು. ಮುಳ್ಳು ಚುಚ್ಚಿದರೆ ಆ ದ್ರವ ತೂತಿಗೆ ನುಗ್ಗಿ ಗಟ್ಟಿಯಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಆ ಕಾಲದಲ್ಲಿ ಕಾರಿಗೇ ಅಪರೂಪವಾಗಿದ್ದ ಟ್ಯೂಬ್‌ಲೆಸ್ ಸೈಕಲ್ಲಿಗೆ ಬೇಕೇ, ಬೇಡವೇ? ರಿವ್ಯೂ ಶುರುವಾಯಿತು.

ಸಭೆ ನಡೆದದ್ದು ಬೀದಿ ಮೂಲೆಯ ಉಡುಪಿ ಹೋಟೆಲಿನಲ್ಲಿ. ಪರವಾಗಿ ನಾನು, ವಿರುದ್ಧ ಹೋಟೆಲಿನ ಯಜಮಾನರು. ಕುಂದಾಪುರದವರು, ಸೈಕಲ್ ಬಿಟ್ಟು ಎಷ್ಟೋ ಕಾಲವಾಗಿತ್ತು, ಆದರೆ ವಿರುದ್ಧ ಹೇಳಲು ಯಾರಾದರೂ ಬೇಕಿತ್ತು.

"ಎಂತ ಮಾರಾಯ್ರೆ, ಗಾಳಿ ಹಾಕ್ಲಿಕ್ಕೂ ಮೀಟಿಂಗಾ?" ಎಂದೇ ಅವರು ಕೂತರು. ನಾನು ಟ್ಯೂಬ್‌ಲೆಸ್ಸಿನ ಗುಣಗಾನ ಮಾಡಿದೆ. ಗಾಳಿ ಸ್ವಲ್ಪ ಕಡಿಮೆ ಇಟ್ಟರೂ ನಡೆಯುತ್ತದೆ, ಹಿಡಿತ ಚೆನ್ನ, ಮುಳ್ಳಿನ ಭಯವಿಲ್ಲ. ಯಜಮಾನರು, "ಅದು ದಾರಿಯಲ್ಲಿ ಹಾಳಾದ್ರೆ ಕಳಚುವವ ಯಾರು? ಫ್ರಾನ್ಸಿನಿಂದ ಬರ್ತಾನಾ?" ಎಂದರು. ಪ್ರಶ್ನೆ ಚೆನ್ನಾಗಿತ್ತು. ಮಸಾಲೆ ದೋಸೆ ತಣ್ಣಗಾಯಿತು. ಸರ್ ಕಣ್ಣು ಮುಚ್ಚಿ ಯೋಚಿಸಿ, "ಇನ್ನೂ ಸ್ವಲ್ಪ ಡೇಟಾ ಬೇಕು" ಎಂದರು.

ಮುಂದಿನ ಭಾನುವಾರ ಮತ್ತೆ ಸಭೆ, ಅದರ ಮುಂದಿನ ಭಾನುವಾರವೂ. ಅಷ್ಟರಲ್ಲಿ ನನಗೆ ಅರ್ಥವಾಗಿತ್ತು, ಈ ಮನುಷ್ಯ ಟೈರಿಗೆ ಹೆದರುತ್ತಿಲ್ಲ, ಮಗಳ ಬಾಗಿಲು ತಟ್ಟಲು ಹೆದರುತ್ತಿದ್ದಾರೆ ಅಂತ. ಹಾಗಂತ ಹೇಳಲು ನನಗೆ ಧೈರ್ಯವಿರಲಿಲ್ಲ. ಅಕ್ಕ ಹೇಳಿದರು. ಒಬ್ಬಟ್ಟಿನ ಡಬ್ಬ ಹಿಡಿದು ವಡೋದರದ ರೈಲಿಗೆ ಹೊರಟವರು ಬಾಗಿಲಲ್ಲಿ ನಿಂತು, "ನಿಮ್ಮ ಟೈರು ನಿಶ್ಚಯ ಆಗೋ ಹೊತ್ತಿಗೆ ಮೊಮ್ಮಗು ಸೈಕಲ್ ಕಲ್ತಿರುತ್ತೆ. ನಾಡಿದ್ದು ಸೀಮಂತ. ಬಂದ್ರೆ ಬನ್ನಿ" ಎಂದು ಹೋಗೇಬಿಟ್ಟರು.

ಅಂದು ಸಂಜೆ ಸರ್ ನಮ್ಮ ಮನೆಗೆ ಬಂದರು. ಮುಖದಲ್ಲಿ ಗೆಲುವಿತ್ತು. "ಎರಡೂ ಹಾಕಿದೀನಿ ಕಣ್ರೀ. ಟ್ಯೂಬ್‌ಲೆಸ್ ಟೈರು, ಒಳಗೆ ಟ್ಯೂಬು. ಒಂದು ಕೈ ಕೊಟ್ರೆ ಇನ್ನೊಂದಿರುತ್ತೆ."

ಉಪಗ್ರಹದಲ್ಲಿ ಮುಖ್ಯವಾದ ಪ್ರತಿಯೊಂದಕ್ಕೂ ಒಂದು ಜೋಡಿ ಇಡುತ್ತೇವೆ, ನಿಜ. ಆದರೆ ಟ್ಯೂಬು ಹಾಕಿದ ಮೇಲೆ ಆ ದ್ರವಕ್ಕೆ ಅಲ್ಲಿ ಕೆಲಸವೇ ಇಲ್ಲ. ಟ್ಯೂಬ್‌ಲೆಸ್ಸಿನ ಕಷ್ಟ ಪೂರ್ತಿ ಉಳಿಯಿತು, ಸುಖ ಪೂರ್ತಿ ಹೋಯಿತು. ಹೋಟೆಲ್ ಯಜಮಾನರು ಕೇಳಿ, "ಪ್ಯಾಂಟಿನ ಒಳಗೆ ಪಂಚೆ ಉಟ್ಟ ಹಾಗಾಯ್ತಲ್ಲ ಸರ್" ಎಂದರು. ನಾನು ಬಾಯಿ ಮುಚ್ಚಿಕೊಂಡೆ. ಬಾಯಿ ಬಿಟ್ಟರೆ ಇನ್ನೊಂದು ರಿವ್ಯೂ ಆಗುತ್ತಿತ್ತು.

ಸೀಮಂತದ ದಿನ ಬೆಳಕು ಹರಿಯುವ ಮುಂಚೆ ಹಳೇ ಹೆದ್ದಾರಿ ಹಿಡಿದೆವು. ಅವರು ಬೈಕಿನಲ್ಲಿ, ನಾನು ಪಂಪು ಕಟ್ಟಿಕೊಂಡ ಸ್ಕೂಟರಿನಲ್ಲಿ ಹಿಂದೆ. ನಡಿಯಾದ್ ದಾಟಿತು, ಆಣಂದ್ ದಾಟಿತು. ಸರ್ ಹಾಡು ಗುನುಗುತ್ತಿದ್ದರು. ವಾಸದ್ ಹತ್ತಿರ, ಇನ್ನೇನು ಮಹೀ ನದಿಯ ಸೇತುವೆ ಎನ್ನುವಾಗ, ಹಿಂದಿನ ಚಕ್ರ ಉಸ್ಸೆಂದಿತು. ಹೆಬ್ಬೆರಳಿನುದ್ದದ ಬಳ್ಳಾರಿ ಜಾಲಿ ಮುಳ್ಳು.

ರಸ್ತೆಬದಿಯ ಪಂಕ್ಚರ್ ಅಂಗಡಿಯವನು ಕಬ್ಬಿಣದ ಪಟ್ಟಿ ತೂರಿಸಿ ಎಳೆದ. ಕಾಲು ಕೊಟ್ಟು ಎಳೆದ. ನಾವೂ ಕೈಹಾಕಿದೆವು. ರಿಮ್ಮಿಗೆ ಕಚ್ಚಿಕೊಂಡ ಟೈರು ಜಪ್ಪಯ್ಯ ಅಂದರೂ ಕದಲಲಿಲ್ಲ. ಅವನು ಬೆವರು ಒರೆಸಿಕೊಂಡು, "ಸಾಹೇಬ್, ಆ ಟಾಯರ್ ನಥಿ, ತಾಳುಂ ಛೇ" ಎಂದ. ಇದು ಟೈರಲ್ಲ, ಬೀಗ ಅಂತ.

"ಸರ್, ಬೈಕು ಇಲ್ಲೇ ಬಿಟ್ಟು ಸ್ಕೂಟರ್ ಹತ್ತಿ. ಸೀಮಂತದ ಊಟಕ್ಕಾದ್ರೂ ಸಿಗ್ತೀವಿ" ಎಂದೆ.

ಅವರು ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟರು. "ಟೈರಿಲ್ದೆ ಏನಂತ ಹೋಗ್ಲಿ? ನೀವೇ ಹೇಳಿ" ಎಂದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಗೆ ಕೂತದ್ದನ್ನು ನೋಡಲಾಗಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವರನ್ನು ಕೇಳದೆಯೇ ಪಕ್ಕದ ಎಸ್‌ಟಿಡಿ ಬೂತಿಗೆ ಹೋಗಿ ಮಗಳಿಗೆ ಫೋನು ಮಾಡಿದೆ.

ನಾನು ಅಳಿಯನೊಬ್ಬನೇ ಬಂದಾನು ಅಂದುಕೊಂಡಿದ್ದೆ. ಕಾರಿನಿಂದ ಮೊದಲು ಇಳಿದವಳು ಮಗಳು. ಹಸಿರು ಸೀರೆ, ಕೈತುಂಬ ಬಳೆ, ಜಡೆಗೆ ಅಕ್ಕ ಹೆಣೆದ ಮೊಗ್ಗು. ಶಾಸ್ತ್ರದ ಮಣೆಯಿಂದ ಎದ್ದು ಬಂದಿದ್ದಳು. ಸರ್ ಬೆಂಚಿನಿಂದ ಎದ್ದು ನಿಂತರು. ಲಾರಿಗಳು ಹೋಗುತ್ತಲೇ ಇದ್ದವು. ಆಗ ಅಳಿಯ ಮುಂದೆ ಬಂದು ಮಾವನ ಕಾಲು ಮುಟ್ಟಿ, ದಾರಿಯುದ್ದಕ್ಕೂ ಹೆಂಡತಿಯಿಂದ ಕಲಿತದ್ದೋ ಏನೋ, ಒಂದೊಂದೇ ಪದ ಜೋಡಿಸಿ ಕೇಳಿದ.

"ಪಪ್ಪಾ, ಟ್ಯೂಬ್‌ಲೆಸ್ ಟೈರ್... ಹೇಗೆ ಇದೆ?"

ಸರ್ ಅವನ ಮುಖ ನೋಡಿದರು. ಇನ್ನು ಡೇಟಾ ಎನ್ನುತ್ತಾರೆ ಎಂದು ನಾನು ಕಾದೆ.

"ಚೆನ್ನಾಗಿದೆಯಪ್ಪ," ಎಂದರು. "ತುಂಬಾ ಚೆನ್ನಾಗಿದೆ."

ಮಗಳು ಅಳುತ್ತಲೇ ನಕ್ಕಳು. "ಅಪ್ಪ, ಅದು ಪೂರಾ ಫ್ಲ್ಯಾಟ್ ಆಗಿದೆ."

"ಆಗ್ಲಿ ಬಿಡು. ನಿನ್ನ ನೋಡೋಕೆ ಬಂದೆ. ನಡಿ, ನಿಂತ್ಕೋಬೇಡ, ಕಾಲು ಊದುತ್ತೆ."

ಆ ಬೈಕು ವಾಸದ್‌ನಲ್ಲೇ ಉಳಿಯಿತು. ಅದನ್ನು ತರಬೇಕೇ ಬೇಡವೇ ಎಂದು ಯಾರೂ ರಿವ್ಯೂ ಕೂಡಿಸಲಿಲ್ಲ. ನಿವೃತ್ತಿಯ ಮೇಲೆ ಸರ್ ಮತ್ತು ಅಕ್ಕ ವಡೋದರದಲ್ಲಿ ಮಗಳ ಮನೆಯ ಹಿಂದಿನ ಬೀದಿಗೆ ಹೋದರು. ಅಲ್ಲೇ, ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದ ಸರ್ ಏಳಲಿಲ್ಲ. ನಾನು ಹೋದಾಗ ಅಳಿಯ ಅಂಗಳದಲ್ಲಿ ಮಗುವಿನ ಹಾಗೆ ಅಳುತ್ತಿದ್ದ.

ಮೊನ್ನೆ ಮೊನ್ನೆ ನನ್ನ ಮಗಳು ಎದುರು ಬಂದು ಕೂತು, ಉಗುರು ಕಡಿಯುತ್ತ, "ಅಪ್ಪ, ನಾನು ಒಬ್ಬ ಹುಡುಗನ್ನ" ಎಂದು ಶುರುಮಾಡಿದಳು. ಅವಳ ಮಾತು ಮುಗಿಯುವ ಮೊದಲೇ "ಆಯ್ತಮ್ಮ, ಸಂತೋಷ" ಎಂದುಬಿಟ್ಟೆ. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಓಡಿಬಂದು, "ಹುಡುಗನ ಹೆಸರಾದ್ರೂ ಕೇಳ್ರೀ" ಎಂದಳು.

ಆಮೇಲೆ ಕೇಳಿದೆ.