ಮೋಜಣಿ ಸಾಹೇಬರ ಭರತಿ

ಖಾನಾಪುರದಲ್ಲಿ ಮಾರ್ತಾಂಡರಾವ್ ಹುದಲೀಕರ ಎಂದು ಕೇಳಿದರೆ ಅಂಚೆಯವನೂ ಒಂದು ಕ್ಷಣ ಯೋಚಿಸುತ್ತಾನೆ. ಮೋಜಣಿ ಸಾಹೇಬ್ರು ಎಂದರೆ ಎಮ್ಮೆ ಕಾಯುವವರೂ ಮನೆ ತೋರಿಸುತ್ತಾರೆ. ಇಪ್ಪತ್ತೆಂಟು ವರ್ಷ ತಾಲೂಕಿನ ಹೊಲಗದ್ದೆಗಳನ್ನು ಅಳೆದು, ಅಣ್ಣತಮ್ಮಂದಿರ ನಡುವೆ ಗಡಿಕಲ್ಲು ನೆಡಿಸಿ, ಎರಡೂ ಕಡೆಯಿಂದ ಬೈಸಿಕೊಂಡು ನಿವೃತ್ತರಾದವರು ಅವರು. ಬೈಗುಳವನ್ನು ಅವರು ಪ್ರಶಸ್ತಿಪತ್ರದಂತೆ ಸ್ವೀಕರಿಸುತ್ತಿದ್ದರು. “ಎರಡೂ ಕಡೆಯವ್ರು ಬೈದ್ರ ಗೆರಿ ನಟ್ಟನಡುವ ಅದ ಅಂತ ಅರ್ಥ” ಎಂಬುದು ಅವರ ಸಿದ್ಧಾಂತ.

ಈ ಇಪ್ಪತ್ತೆಂಟು ವರ್ಷವೂ ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿದವನು ಸಾತಪ್ಪ. ಕಾಡಂಚಿನ ಹಳ್ಳಿಯವನು. ಮನೆಯಲ್ಲಿ ಮರಾಠಿ, ಸಾಹೇಬರ ಜೊತೆ ಕನ್ನಡ. ಸಾಹೇಬರು ನಿಲ್ಲು ಅಂದಲ್ಲಿ ನಿಂತ, ಅದು ಕೆಸರಾಗಲಿ, ಮುಳ್ಳಾಗಲಿ, ಒಮ್ಮೆ ಹಾವಿನ ಹುತ್ತವೇ ಆಗಲಿ. ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಸಾಹೇಬಗಿರಿ ಮಾತ್ರ ಸೇವೆಯಲ್ಲಿ ಮುಂದುವರಿಯಿತು.

ಹೋದ ಶ್ರಾವಣದಲ್ಲಿ ಸಾಹೇಬರ ಬಲಗೈಯ ಬೆರಳುಗಳು, ತಂಬಾಕು ತಿಕ್ಕುವವರ ಬೆರಳುಗಳಂತೆ, ತಮ್ಮಷ್ಟಕ್ಕೆ ತಾವೇ ಆಡತೊಡಗಿದವು. ಸಾಹೇಬರು ಜನ್ಮದಲ್ಲಿ ತಂಬಾಕು ಮುಟ್ಟಿದವರಲ್ಲ. ಯಾರಿಗೂ ಹೇಳದೆ ಬೆಳಗಾವಿಗೆ ಹೋಗಿ, ನೆಹರು ನಗರದ ದೊಡ್ಡ ದವಾಖಾನೆಯಲ್ಲಿ ತೋರಿಸಿಕೊಂಡರು. ಮಗಳ ವಯಸ್ಸಿನ ಡಾಕ್ಟರು, ಕಂಪವಾತ ಎಂದಳು.

“ಗುಳಿಗಿ ತಪ್ಪಿಸಬ್ಯಾಡ್ರಿ ಕಾಕಾ. ಒಂದ ವರ್ಷ ಆರಾಮ ನಡೀತೀರಿ. ಆಮ್ಯಾಲ ನೋಡೂಣು.”

ಒಂದು ವರ್ಷ ಆರಾಮ ಎಂಬುದು ಅಲ್ಲೇ ಕೇಳಿಸಿತು. ಆಮ್ಯಾಲ ನೋಡೂಣು ಎಂಬುದು ಬಸ್ಸಿನಲ್ಲಿ ಬರುವಾಗ, ಮಚ್ಛೆಯ ಕಾರ್ಖಾನೆಗಳನ್ನು ದಾಟುವ ಹೊತ್ತಿಗೆ ಕೇಳಿಸಿತು. ಮನೆಗೆ ಬಂದು ಹೆಂಡತಿ ಅಲಕಾಬಾಯಿಗೆ “ವಿಟಮಿನ್ ಕಮ್ಮಿ ಆಗ್ಯಾದಂತ” ಎಂದರು.

ಆ ವಾರವೇ ಯೋಜನೆ ಸಿದ್ಧವಾಯಿತು. ಜೀವಮಾನವಿಡೀ ನಡೆದದ್ದೆಲ್ಲ ಇನ್ನೊಬ್ಬರ ಗಡಿಯ ಮೇಲೆ. ಕಾಲು ಕೈಕೊಡುವ ಮೊದಲು ತಮ್ಮ ಸ್ವಂತದ್ದೊಂದು ಗೆರೆ ನಡೆದು ಮುಗಿಸಬೇಕು. ಒಂದು ಕಡೆ ನೆಲ, ಒಂದು ಕಡೆ ನೀರು, ತಕರಾರು ಅರ್ಜಿ ಹಾಕುವವರು ಯಾರೂ ಇಲ್ಲದ ಗಡಿ ಎಂದರೆ ಸಮುದ್ರದ ದಂಡೆಯೊಂದೇ. ಅಂಕೋಲಾ ಬಳಿಯ ಬೇಲೇಕೇರಿಯಿಂದ ಮುರುಡೇಶ್ವರದ ತನಕ, ಒಂಬತ್ತು ದಿನ. ದಂಡೆಯಲ್ಲೇ ಗುಡಾರ ಹಾಕಿ ಮಲಗುವುದು, ಅಲ್ಲೇ ಅಡುಗೆ. ನಕಾಶೆಯ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು. ಗೆರೆ ಸ್ವಲ್ಪ ನಡುಗಿತ್ತು. ಕರಾವಳಿಯೇ ಹಾಗೆ ವಕ್ರ ಎಂದು ಸಮಾಧಾನ ಮಾಡಿಕೊಂಡರು.

ಖಾನಾಪುರದಲ್ಲಿ ಪಂಢರಪುರಕ್ಕೆ ನಡೆದು ಹೋಗುವವರನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ. ದೇವರಿಗಲ್ಲದೆ ನಡೆಯುವವನಿಗೆ ಮಾತ್ರ ಕಾರಣ ಬೇಕು.

“ಮುರುಡೇಶ್ವರಕ್ಕ ಬಸ್ಸ ಅದಾವ್ರಿ. ಹರಕಿ ಏನರೆ ಹೊತ್ತೀರೇನು?” ಎಂದರು ಅಲಕಾಬಾಯಿ.

“ಹರಕಿ ಅಲ್ಲ. ಮೋಜಣಿ ಅಂತ ತಿಳ್ಕೋ.”

“ಹೌದಾ. ಸಮುದ್ರದ ಪಹಣಿ ಉತಾರ ಯಾರ ಹೆಸರಿಗೆ ಅದ?”

ಸಾತಪ್ಪನನ್ನು ಕರೆಸಿ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ. “ಯಾವತ್ತ ಹೊಂಡೂದ್ರಿ, ಸಾಹೇಬ್ರ?”

ಬೆಳಗಾವಿಯ ಖಡೇಬಜಾರದಲ್ಲಿ ನೀಲಿ ಗುಡಾರವೊಂದನ್ನು ಕೊಂಡದ್ದಾಯಿತು. ತಾಲೀಮಿಗೆಂದು ಒಂದು ದಿನ ಬೀಡಿ ಊರಿನ ತನಕ ನಡೆದರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಕರಾವಳಿ ಸಮೀಕ್ಷೆಯ ಪೂರ್ವಸಿದ್ಧತೆ ಎಂದು ವಿವರಿಸುತ್ತ ಹೋದದ್ದರಿಂದ, ಕಾಲಿಗಿಂತ ಬಾಯಿಗೆ ಹೆಚ್ಚು ದಣಿವಾಗಿ ಬಸ್ಸಿನಲ್ಲಿ ವಾಪಸಾದರು.

ಡಿಸೆಂಬರಿನಲ್ಲಿ ಹೊರಟರು. ಮೊದಲ ಎರಡು ದಿನ ಚೆನ್ನಾಗಿಯೇ ಹೋದವು. ಸಾಹೇಬರು ಮುಂದೆ, ಗುಡಾರ, ಸ್ಟವ್ವು, ಅಕ್ಕಿ ಹೊತ್ತ ಸಾತಪ್ಪ ಹಿಂದೆ. ಬೆಳಗಿನ ತಂಪಿನಲ್ಲಿ ನಡೆದು, ಬಿಸಿಲು ಏರುತ್ತಲೇ ಗುಡಾರ ಹಾಕಿ ಮಧ್ಯಾಹ್ನ ಮಲಗಿ, ಮತ್ತೆ ಸಂಜೆಗೆ ನಡೆಯುವುದು ಕ್ರಮ. ಸಾಹೇಬರು ಬಲಗೈಯನ್ನು ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೇ ನಡೆಯುತ್ತಿದ್ದರು. ಅದರಿಂದ ಸಾಹೇಬಗಿರಿಗೆ ಇನ್ನಷ್ಟು ಕಳೆ ಬಂದಿತ್ತು.

ಮೂರನೆಯ ದಿನ ಬೆಳಿಗ್ಗೆ, ಮರಳಿನ ಮೇಲೆ ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ಇವರ ಗಂಟುಮೂಟೆ ನೋಡಿ ಹೇಳಿದಳು:

“ಇಲ್ಲಿ ದಂಡೆ ಮೇಲೆ ಉಳಿಬೇಡಿ ಮತ್ತೆ. ಇವತ್ತು ಅಮಾಸೆ. ಹನ್ನೊಂದೂವರೆಗೆ ದೊಡ್ಡ ಭರತಿ ಅದೆ.”

ಬೆಳಗಾವಿ ಕಡೆಯವರಿಗೆ ಭರತಿ ಎಂದರೆ ಸೈನ್ಯದ ಭರತಿ. ಕ್ಯಾಂಪಿನ ಮೈದಾನಕ್ಕೆ ಸಾವಿರಾರು ಹುಡುಗರು ಬಂದು, ಫುಟ್‌ಪಾತಿನಲ್ಲಿ ಮಲಗಿ, ಬೆಳಗಾದರೆ ಎದೆ ಉಬ್ಬಿಸಿ ಓಡುವುದು. ಸಾಹೇಬರಿಗೆ ಮರಾಠಿ ಬರುತ್ತಿತ್ತು. ಆದರೆ ಅದು ಪೇಟೆಯ ಮರಾಠಿ, ನೆರೆಮನೆಯ ಮರಾಠಿ. ಅದರಲ್ಲಿ ಸಮುದ್ರ ಇರಲಿಲ್ಲ.

“ಕಾರವಾರದಾಗ ನೌಕಾದಳ ಅದಲ್ಲ, ಅವರದ ಭರತಿ ಇರಬೇಕು” ಎಂದರು ಸಾತಪ್ಪನಿಗೆ. “ಅಮಾವಾಸ್ಯೆ ದಿವಸ ಇಟ್ಟಾರ ನೋಡು. ಸರಕಾರಕ್ಕ ಪಂಚಾಂಗನ ಬ್ಯಾಡ. ನಡಿ, ಹುಡುಗರ ಗದ್ದಲ ಸುರು ಆಗೂದ್ರಾಗ ಒಂದ ಶಾಂತ ಜಾಗ ಹಿಡಿಯೂಣು.”

ಸಾತಪ್ಪ ಏನೋ ಹೇಳಲು ಬಾಯಿ ತೆರೆದ. ಆಮೇಲೆ “ಹೌದ್ರಿ” ಎಂದ.

ಸಮುದ್ರದೊಳಕ್ಕೆ ಚಾಚಿದ ಬಂಡೆಯೊಂದನ್ನು ಬಳಸಿ ಹೋದರೆ ಅದರಾಚೆ ಚಿಕ್ಕದೊಂದು ಮರಳಿನ ತುಂಡು. ಮೂರು ಕಡೆ ಕಲ್ಲಿನ ಗೋಡೆ, ನರಪಿಳ್ಳೆ ಇಲ್ಲ. ಇಷ್ಟು ಒಳ್ಳೆಯ ಜಾಗ ಇವತ್ತಿನವರೆಗೆ ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂದು ಸಾಹೇಬರಿಗೆ ಊರಿನವರ ದಡ್ಡತನದ ಬಗ್ಗೆ ಮರುಕವಾಯಿತು. ಗುಡಾರ ಹಾಕಿ, ಅವಲಕ್ಕಿ ತಿಂದು, ಒಂಬತ್ತೂವರೆಗೆ ಮಲಗಿದರು.

ಎಚ್ಚರವಾದದ್ದು ಬೆನ್ನು ತಣ್ಣಗಾಗಿ. ಗುಡಾರದೊಳಗೆ ನೀರು ಬಂದಿತ್ತು. ಹೊರಗೆ ಬಂದು ನೋಡಿದರೆ, ಬಳಸಿ ಬಂದ ಬಂಡೆಯ ಬುಡ ಎಲ್ಲಿತ್ತೆಂದೇ ತಿಳಿಯದ ಹಾಗೆ ಸಮುದ್ರ ತುಂಬಿತ್ತು. ಮುಂದಿನ ಅಲೆಗೆ ಗುಡಾರ ಮಗ್ಗುಲಾಯಿತು. ಅದರ ಮುಂದಿನದಕ್ಕೆ ಸ್ಟವ್ವು, ಬೂಟು, ಗುಳಿಗೆಯ ಚೀಲ ಎಲ್ಲ ಹೊರಟವು. ಹಿಂದಿನ ಗೋಡೆಯಲ್ಲಿ ಆಳೆತ್ತರಕ್ಕೆ ಕಟ್ಟೆಯಂಥ ಒಂದು ಚಾಚು ಇತ್ತು. ಇಪ್ಪತ್ತು ಹೆಜ್ಜೆ ದೂರ. ಸಾತಪ್ಪ ಅತ್ತ ಓಡಿ, ತಿರುಗಿ ನೋಡಿದ. ಸಾಹೇಬರು ಮೊಳಕಾಲು ನೀರಿನಲ್ಲಿ ನಿಂತಲ್ಲೇ ನಿಂತಿದ್ದರು.

“ಬರ್ರಿ, ಸಾಹೇಬ್ರ.”

“ಕಾಲ ಏಳವಲ್ದು.”

ಅವರ ದನಿಯಲ್ಲಿ ಸಾಹೇಬರು ಇರಲಿಲ್ಲ. ಕಾಲುಗಳು ನೆಟ್ಟ ಗಡಿಕಲ್ಲಾಗಿದ್ದವು. ಸಾತಪ್ಪ ವಾಪಸು ಬಂದು, ಅವರ ಜೇಬಿನಿಂದ ಬಲಗೈಯನ್ನು ಹೊರಗೆಳೆದು ಹಿಡಿದುಕೊಂಡ. ಆಮೇಲೆ ಹೊಲದಲ್ಲಿ ಸರಪಳಿ ಎಳೆಯುವಾಗ ಕೂಗುತ್ತಿದ್ದ ಹಾಗೆ, ಗಟ್ಟಿಯಾಗಿ, ಕೂಗತೊಡಗಿದ. “ಒಂದ... ಎರಡ... ಮೂರ...” ಯಾವ ಪುಣ್ಯವೋ, ಎಣಿಕೆಗೆ ಕಾಲು ಎದ್ದಿತು. ಹದಿನೇಳಕ್ಕೆ ಎದೆಮಟ್ಟದ ಅಲೆಯೊಂದು ಬಂತು. ಇಪ್ಪತ್ತಮೂರಕ್ಕೆ ಕಟ್ಟೆ. ಮೇಲೆ ಎತ್ತಿ ಹಾಕುವಾಗ ಸಾತಪ್ಪನ ಮೊಳಕೈ ಸುಲಿಯಿತು.

ನೀರು ಇಳಿಯುವ ತನಕ ಇಬ್ಬರೂ ಆ ಚಾಚಿನ ಮೇಲೆ ಗುಬ್ಬಚ್ಚಿಗಳಂತೆ ಕುಳಿತರು. ಒದ್ದೆ ಬಟ್ಟೆ ಮೈಮೇಲೆಯೇ ಒಣಗಿತು. ಸುಡುವ ಬಿಸಿಲು. ಆದರೂ ಸಾಹೇಬರ ಕೈ ನಡುಗುತ್ತಲೇ ಇತ್ತು. ಇನ್ನು ಚಳಿಯ ನೆಪವೂ ಇರಲಿಲ್ಲ.

“ಆಕಿ ಭರತಿ ಅಂದದ್ದು ಇದಕ್ಕೇನು?” ಎಂದರು.

“ಹೌದ್ರಿ. ಭರತಿ ಅಂದ್ರ ನೀರ ಏರೂದು. ಓಹೋಟಿ ಅಂದ್ರ ಇಳಿಯೂದು. ನಾಕನೇ ಇಯತ್ತೆದಾಗ ಮರಾಠಿ ಭೂಗೋಲದಾಗ ಇತ್ತರಿ.”

ಸಾಹೇಬರು ತಿರುಗಿ ಅವನ ಮುಖ ನೋಡಿದರು. “ಗೊತ್ತಿತ್ತು ನಿನಗ?”

“ಗೊತ್ತಿತ್ರಿ. ನೀವ ಮಿಲಿಟ್ರಿ ಭರತಿ ಅಂದ್ರಿ. ನಮ್ಮ ಪುಸ್ತಕ ಹಳೇದು, ಈಗ ಬದಲ ಆಗಿರಬೇಕು ಅಂದ್ಕೊಂಡೆ.”

“ಅಲ್ಲೋ ಮಾರಾಯ, ಸಾಯ್ತಿದ್ವಲ್ಲೋ.”

“ಹೌದ್ರಿ” ಎಂದ ಸಾತಪ್ಪ.

ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಸಾಹೇಬರಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ನಡುಗುವ ಕೈಯನ್ನು ಎಡಗೈಯಿಂದ ಅದುಮಿ ಹಿಡಿದು ಕೇಳಿದರು: “ಇದೂ ಗೊತ್ತೇನು?”

“ದಸರಾದಾಗ ಬನ್ನಿ ಕೊಟ್ರಲ್ಲ, ಆವತ್ತ ಗೊತ್ತಾತ್ರಿ. ನಮ್ಮ ಸ್ವಾದರಮಾವಗೂ ಹಿಂಗ ಇತ್ತು.”

“ಅಲಕಾಗ?”

“ವೈನಿಯವ್ರ ಹೇಳಿ ಕಳಿಸ್ಯಾರ್ರಿ ನನಗ, ಜೋಪಾನ ಕರ್ಕೊಂಡ ಬಾ ಅಂತ.”

ಅಂದರೆ ಇಡೀ ಯೋಜನೆಯಲ್ಲಿ ಗುಟ್ಟು ಗುಟ್ಟಾಗಿ ಉಳಿದಿಲ್ಲವೆಂದು ಗೊತ್ತಿಲ್ಲದವರು ಸಾಹೇಬರೊಬ್ಬರೇ. ಕೆಳಗೆ ನೀಲಿ ಗುಡಾರ ಒಮ್ಮೆ ಮೇಲೆದ್ದು, ಗಾಳಿ ಕುಡಿದು, ಮತ್ತೆ ಮುಳುಗಿತು. ಮುರುಡೇಶ್ವರ ಇನ್ನೂ ಆರು ದಿನದ ದಾರಿ. ಸಾಹೇಬರು ಇಪ್ಪತ್ತೆಂಟು ವರ್ಷದಲ್ಲಿ ಸಾತಪ್ಪನಿಗೆ ಎಂದೂ ಕೇಳದ ಒಂದು ಮಾತನ್ನು, ಅವನ ಅಭಿಪ್ರಾಯವನ್ನು, ಕೇಳಿದರು.

“ಖರೇ ಹೇಳು. ನಾ ಅಲ್ಲೀತನಕ ನಡೀತೀನೇನು?”

ಸಾತಪ್ಪ ಅವರ ಕಾಲುಗಳನ್ನು ನೋಡಿದ.

“ಇಲ್ರಿ” ಎಂದ.

ಎರಡು ಗಂಟೆಯ ಸುಮಾರಿಗೆ ನೀರು ಇಳಿಯಿತು. ಬರಿಗಾಲಿನಲ್ಲಿ ಬಂಡೆ ಬಳಸಿ ಬಂದು, ರಸ್ತೆಗೆ ಸೇರಿ, ಅಂಕೋಲಾದಲ್ಲಿ ಯಲ್ಲಾಪುರದ ಬಸ್ಸು ಹಿಡಿದರು. ಈ ಸಲ ಸಾತಪ್ಪ ಮುಂದೆ. ಮನೆಯಲ್ಲಿ ಅಲಕಾಬಾಯಿ ಕದ ತೆರೆದರು. ಬಚ್ಚಲಿಗೆ ಬಿಸಿನೀರು ತೋಡಿದರು. ಅವರು ಒಂದಾದರೂ ಚುಚ್ಚುಮಾತು ಆಡಬಹುದೆಂದು ಸಾಹೇಬರು ಎರಡು ದಿನ ಕಾದರು.

ಈಗ ಸಾತಪ್ಪ ದಿನಾ ಬೆಳಿಗ್ಗೆ ಬರುತ್ತಾನೆ. ಸಾಹೇಬರು ಚಪ್ಪಲಿ ಮೆಟ್ಟುವ ಮೊದಲು ಅವನನ್ನು ಕೇಳುತ್ತಾರೆ. ಸಂಕ್ರಾಂತಿಯ ಹೊತ್ತಿಗೆ, “ಮಲಪ್ರಭಾ ಬ್ರಿಜ್ಜಿನ ತನಕ ಹೋಗೂಣೇನು?” ಎಂಬುದಕ್ಕೆ “ಇಲ್ರಿ” ಬಂತು. ಶಿವರಾತ್ರಿಗೆ ಬಸ್‌ಸ್ಟ್ಯಾಂಡಿಗೂ “ಇಲ್ರಿ” ಆಯಿತು. ಪ್ರತಿಸಲವೂ ಅವನು ಕಾಲು ನೋಡಿಯೇ ಹೇಳುವುದು, ಹೇಳಿದ್ದು ಒಂದೂ ತಪ್ಪಾಗಿಲ್ಲ. ಇಷ್ಟು ಕರಾರುವಾಕ್ಕಾದ ಮೋಜಣಿ ತಮ್ಮಿಂದಲೂ ಆಗಿರಲಿಲ್ಲ ಎಂದು ಸಾಹೇಬರೇ ಬಂದವರೆದುರು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ಸಾತಪ್ಪ ಎದ್ದು ಅಂಗಳಕ್ಕೆ ಹೋಗುತ್ತಾನೆ.

ಹೋದ ವಾರ ಸಾಹೇಬರು ಪಡಸಾಲೆಯ ಕುರ್ಚಿಯಲ್ಲಿ ಕುಳಿತು, “ಮುಂದಿನ ವರ್ಷ ಮತ್ತ ಹೋಗೂಣೇನೋ ಸಾತಪ್ಪಾ, ಸಮುದ್ರಕ್ಕ?” ಎಂದರು.

ಸಾತಪ್ಪ ಈ ಸಲ ಕಾಲಿನ ಕಡೆ ನೋಡಲಿಲ್ಲ.

“ಹೋಗೂಣ್ರಿ” ಎಂದ.

ಸಾಹೇಬರೇ ತಮ್ಮ ಕಾಲುಗಳನ್ನು ನೋಡಿಕೊಂಡರು.