ಕಲ್ಲಿಗೆ ಕರೆದ ಹೆಸರು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ತೊಟ್ಟಿಲಿಗೆ ಹಾಕಿ ಮೀರಾ ಅಂತ ಹೆಸರೂ ಇಟ್ಟೆವು. ಪರದೇಶದ ರ್ಯಾಂಚೊ ಪೆನಾಸ್ಕಿಟೋಸ್ ಎಂಬ ಊರಿನಲ್ಲಿರುವ ನನ್ನ ಮಗಳು ಸುಮಾಳ ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಅಷ್ಟು ಜನ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಬರಹ ಇದು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ದೆವ್ವ, ಭೂತ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಅಂಥ ಮಾತು ಶುರುವಾದರೆ ಎದ್ದು ಒಲೆಯ ಕಡೆ ಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೀರಾಳಿಗಿಂತ ಮೊದಲು ಸುಮಾಗೆ ಇನ್ನೊಂದು ಹೆಣ್ಣು ಕೂಸಾಗಿತ್ತು. ಏಳು ತಿಂಗಳಿಗೇ ಹುಟ್ಟಿತು, ಅಳಲಿಲ್ಲ. ತೊಟ್ಟಿಲಿಲ್ಲ, ಹೆಸರಿಲ್ಲ. ಆಮೇಲೆ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಸುಮಾ ತಾಟಿನ ಮುಂದೆ ಕೂತರೂ ಉಣ್ಣದೆ ಕಿಟಕಿ ನೋಡುತ್ತಿದ್ದಳು. ಜಾಗ ಬದಲಾದರೆ ಮನಸ್ಸು ಬದಲಾದೀತೆಂದು ಅಳಿಯ ನಮ್ಮಿಬ್ಬರನ್ನೂ ಅರ್ಜೆಂಟೀನಾಕ್ಕೆ ಕರೆದೊಯ್ದ.

ಮೊದಲು ದ್ರಾಕ್ಷಿ ತೋಟಗಳ ಊರು. ಬೆಟ್ಟದ ಬುಡದ ತನಕ ಬಳ್ಳಿಯ ಸಾಲು. ನಮ್ಮ ವಿಜಯಪುರದ ಕಡೆ ದ್ರಾಕ್ಷಿ ಒಣಗಿಸಿ ಮಣೂಕ ಮಾಡುತ್ತಾರೆ, ಅಲ್ಲಿ ಎಲ್ಲ ವೈನು. ಅಳಿಯ ಬೆಂಗಳೂರಿನವನು. "ಅತ್ತೆ, ಒಂಚೂರು ಟೇಸ್ಟ್ ಮಾಡಿ, ಬರೀ ದ್ರಾಕ್ಷಿ ರಸ" ಅಂದ. "ಹೌದಪಾ, ಅದಕ್ಕ ನಿನ್ನ ಕಣ್ಣು ಕೆಂಪಗಾಗ್ಯಾವ" ಅಂದೆ. ಸುಮಾ ನಗಲಿಲ್ಲ.

ಮರುದಿನ ಬಾಡಿಗೆ ಕಾರು ಮೇಲೆ ಮೇಲೆ ಏರಿತು. ಗಿಡವಿಲ್ಲ, ಹಕ್ಕಿಯಿಲ್ಲ. ಉಪ್ಪಿನ ಬಿಳಿ ನೆಲ, ಕೆಂಪು ಬೆಟ್ಟ, ಉಸಿರಿಗೆ ಸಾಲದ ಗಾಳಿ. ಘಟ್ಟದ ನೆತ್ತಿಯಲ್ಲಿ ಒಂದು ಕಲ್ಲಿನ ಗುಡ್ಡೆ. ಹೋಗಿಬರುವವರು ಭೂಮಿತಾಯಿಗೆಂದು ಒಂದೊಂದು ಕಲ್ಲು ಇಡುತ್ತಾರಂತೆ. ತಲೆನೋವೆಂದು ಸುಮಾ ಕಾರಿನಲ್ಲೇ ಉಳಿದಳು, ಅಳಿಯ ಅವಳಿಗೆ ನೀರು ಕುಡಿಸುತ್ತಿದ್ದ. ನಾನೊಬ್ಬಳೇ ಇಳಿದೆ.

ಅಂಗೈಯಗಲದ ನುಣುಪು ಕಲ್ಲೊಂದು ಸಿಕ್ಕಿತು. ಬಿಸಿಲಿಗೆ ಬೆಚ್ಚಗಿತ್ತು, ಕೂಸಿನ ನೆತ್ತಿಯ ಹಾಗೆ. ನಮ್ಮಲ್ಲಿ ಹೆಸರಿಡುವಾಗ ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಕರೆಯುತ್ತಾಳೆ. ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಏನನ್ನಿಸಿತೋ, ಆ ಕೂಸಿಗೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರನ್ನು, ಕಲ್ಲನ್ನು ಗುಡ್ಡೆಯ ಮೇಲಿಟ್ಟು ಬಗ್ಗಿ, ಅದಕ್ಕೆ ಕರೆದೆ.

ಬೆನ್ನಿಗೆ ದಬ್ಬೆಂದು ಗುದ್ದು ಬಿತ್ತು. ಬಳೆ ಘಲ್ಲೆಂದವು. ತಿರುಗಿದೆ. ಯಾರೂ ಇಲ್ಲ. ನನ್ನ ಬಳೆ ಸ್ವೆಟರಿನೊಳಗೆ ಬಿಗಿಯಾಗಿದ್ದವು. ಎತ್ತರಕ್ಕೆ ತಲೆ ತಿರುಗಿತು ಅಂದುಕೊಂಡೆ, ಆದರೆ ಸಂಜೆಯವರೆಗೂ ಬೆನ್ನು ನೋಯುತ್ತಿತ್ತು. ಯಾರಿಗೂ ಹೇಳಲಿಲ್ಲ.

ಇವತ್ತು ಪೊಮೊನಾದಿಂದ ಬಂದ ಅಳಿಯನ ತಂಗಿ ಮೀರಾಳ ಕಿವಿಯಲ್ಲಿ ಹೆಸರು ಕರೆದಳು. ಎಲ್ಲರೂ ಸೇರಿ ಗುದ್ದಿದೆವು. "ಅಯ್ಯೋ ಆಂಟಿ, ಮೆಲ್ಲಗೆ! ಈ ಬೆನ್ನಿಗೆ ಇನ್ಶೂರೆನ್ಸ್ ಇಲ್ಲ!" ಎಂದು ಕೂಗಿದಳು. ನಗುತ್ತ ನಗುತ್ತ ನನಗೆ ಅಳು ಬಂತು.

ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕೂತೆವು. ನನ್ನ ತಾಟಿಗೆ ಹೋಳಿಗೆ ಹಾಕುತ್ತ ಸುಮಾ ಬಗ್ಗಿದಳು. "ಅವ್ವಾ, ಅವತ್ತ ನೀ ಬಗ್ಗಿ ಆ ಕಲ್ಲಿಗೆ ಏನೋ ಕರದಿ, ಆಮ್ಯಾಲ ಯಾರೋ ಗುದ್ದಿದಂಗ ಮುಂದಕ್ಕ ಮುಗ್ಗರಿಸಿದಿ. ಕಾರಿನ್ಯಾಗಿಂದ ನೋಡೀನಿ. ನಿನ್ನ ಹಿಂದ ಯಾರೂ ಇರಲಿಲ್ಲ."

ಅದು ಯಾರ ಕೈಯೋ, ನನಗೆ ಇಂದಿಗೂ ತಿಳಿಯದು.

"ಏನಂತ ಕರದಿ ಆಕಿನ್ನ?" ಎಂದಳು ಸುಮಾ.

"ಗೌರಿ."

"ಗೌರಿ" ಎಂದಳು ಸುಮಾ, ಎಲ್ಲರಿಗೂ ಕೇಳುವ ಹಾಗೆ. ಅಳಿಯ ತಲೆಯೆತ್ತಿ ನೋಡಿದ. ಅವಳು ನನ್ನ ಪಕ್ಕದಲ್ಲೇ ತಾಟು ಹಾಕಿಕೊಂಡು, ತುಪ್ಪ ಸುರಿದುಕೊಂಡು, ನಮ್ಮೆಲ್ಲರ ಜೊತೆ ಉಂಡಳು.